ಕನ್ನಡಕ್ಕೆ ಒಂದು, ಮರಾಠಿಗೆ ಎರಡು: ಗಡಿ ಊರಿನ ಸಣ್ಣ ಆಫೀಸಿಗೆ ಇಂಟರ್ನೆಟ್ ಫೋನು

* ಬೇಕಾಗುವ ಸ್ಪೀಡ್ ಅರ್ಧ ಎಂಬಿಪಿಎಸ್‌ಗೂ ಕಡಿಮೆ * ಕರೆಂಟ್ ಹೋದರೆ ಫೋನೂ ಬಂದ್ * ಲೈಸೆನ್ಸ್ ಇಲ್ಲದ ಲೈನ್ ತಗೊಂಡರೆ ತಲೆನೋವು

ಸಲಗರೆ (ಮಿರಜ ತಾ.): ಫೆಬ್ರುವರಿ ಬಂತೆಂದರೆ ಈ ಭಾಗದಲ್ಲಿ ಫೋನಿಗೆ ಪುರಸೊತ್ತಿಲ್ಲ. ದ್ರಾಕ್ಷಿ ಕಟಾವಿನ ಕಾಲ. ತೋಟದಿಂದ ರೈತನ ಫೋನು, ಗಾಡಿಯಿಂದ ಡ್ರೈವರ್ ಫೋನು, ತಾಸಗಾಂವ, ಸಾಂಗಲಿ ಪೇಟೆಯಿಂದ ಬೇದಾಣೆ ದರ ಹೇಳುವವರ ಫೋನು. ಒಂದು ಕರೆ ತಪ್ಪಿದರೆ ಒಂದು ಲೋಡು ತಪ್ಪಿತು ಎಂದೇ ಲೆಕ್ಕ. ‘ಹತ್ತ ಸಲ ಹಚ್ಚೀನ್ರಿ, ಬರೇ ಎಂಗೇಜ್ ಬರಾಕತ್ತಿತ್ತು’ ಎನ್ನುವ ಮಾತು ಗಡಿ ಊರಿನ ಅಡತಿ ಅಂಗಡಿ, ಔಷಧ ಅಂಗಡಿ, ಸೇವಾ ಕೇಂದ್ರಗಳಿಗೆ ಹೊಸದಲ್ಲ.

ಇಲ್ಲಿ ಇನ್ನೊಂದು ವಿಶೇಷವಿದೆ. ಒಂದು ಕರೆ ಕನ್ನಡದ್ದು, ಮುಂದಿನದು ಮರಾಠಿದು. ಅನಂತಪುರ, ಮದಭಾವಿ ಕಡೆಯಿಂದ ‘ಹಲೋ, ಯಾರ್ರೀ ಮಾತಾಡೋದು?’ ಎಂದು ಬಂದರೆ, ಕವಠೆ ಮಹಾಂಕಾಳ ಕಡೆಯಿಂದ ‘ಹಲೋ, ಕೋಣ ಬೋಲತಾಯ?’ ಎಂದು ಬರುತ್ತದೆ. ಫೋನ್ ಎತ್ತುವವರಿಗೆ ಎರಡೂ ಬರಬೇಕು. ಎತ್ತುವವರು ಚಹಾಕ್ಕೆ ಹೋಗಿದ್ದರೆ ಮುಗೀತು.

ಸಾಮಾನ್ಯವಾಗಿ ಸಣ್ಣ ಆಫೀಸಿನವರು ಇದಕ್ಕೆ ಮಾಡುವ ಉಪಾಯ ಒಂದೇ: ಮತ್ತೊಂದು ಮೊಬೈಲ್, ಮತ್ತೊಂದು ಸಿಮ್. ಬೋರ್ಡಿನ ಮೇಲೆ ಮೂರು ನಂಬರ್. ಒಂದು ಮಾಲೀಕರದು, ಒಂದು ಮಗನದು, ಒಂದು ಕೆಲಸದ ಹುಡುಗನದು. ಹುಡುಗ ಕೆಲಸ ಬಿಟ್ಟರೆ ನಂಬರೂ ಅವನ ಜೋಡಿ ಹೋಗುತ್ತದೆ. ನಂಬರಿನ ಜೋಡಿ ಗಿರಾಕಿಗಳೂ ಹೋಗುತ್ತಾರೆ. ಆಫೀಸಿಗೆ ಆಫೀಸಿನದೇ ಒಂದು ನಂಬರ್ ಬೇಕು, ಒಂದೇ ನಂಬರಿಗೆ ಮೂರು ಕರೆ ಒಮ್ಮೆಗೇ ಬರಬೇಕು, ಯಾರು ಎಲ್ಲಿದ್ದರೂ ಎತ್ತಲು ಬರಬೇಕು. ಈ ಕೆಲಸವನ್ನು ಇಂಟರ್ನೆಟ್ ಫೋನು ಮಾಡುತ್ತದೆ.

ಟ್ರಂಕ್ ಕಾಲ್‌ನಿಂದ ಒಂದು ರೂಪಾಯಿವರೆಗೆ

1956ಕ್ಕೂ ಮೊದಲು ಮಿರಜವೂ ಅಥಣಿಯೂ ಮುಂಬೈ ರಾಜ್ಯದಲ್ಲೇ ಇದ್ದವು. ರಾಜ್ಯಗಳು ಬೇರೆಯಾದ ಮೇಲೆ ದೂರವಾಣಿಯ ವಲಯಗಳೂ ಬೇರೆಯಾದವು. ಮಿರಜ-ಸಾಂಗಲಿಯ ಕೋಡ್ 0233, ಅಥಣಿಯ ಕೋಡ್ 08289. ಕಣ್ಣಿಗೆ ಕಾಣುವ ಊರು, ಎಮ್ಮೆ ಮೇಯಲು ಹೋಗಿ ಬರುವಷ್ಟು ದೂರ. ಆದರೆ ಫೋನ್ ಪುಸ್ತಕದಲ್ಲಿ ಅದು ಬೇರೆ ರಾಜ್ಯ.

ಟ್ರಂಕ್ ಕಾಲ್ ಕಾಲದಲ್ಲಿ ಬುಕ್ ಮಾಡಿ ಪೋಸ್ಟ್ ಆಫೀಸಿನ ಕಟ್ಟೆಯ ಮೇಲೆ ಕೂತು ಕಾಯಬೇಕಿತ್ತು. ಹಳ್ಳಿಗೆ ಒಗ್ಗುವ ಎಕ್ಸ್‌ಚೇಂಜ್ ಬೇಕೆಂದು 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ 128 ಪೋರ್ಟಿನ ಸಣ್ಣ ಯಂತ್ರ ತಯಾರಿಸಿತು. ಎಸಿ ಕೋಣೆ ಬೇಡ, ಧೂಳಿಗೆ, ಬಿಸಿಲಿಗೆ ಜಗ್ಗುವುದಿಲ್ಲ. ಅದರ ಮೊದಲ ಎಕ್ಸ್‌ಚೇಂಜ್ 1986ರಲ್ಲಿ ಶುರುವಾದದ್ದು ದೂರದ ಊರಿನಲ್ಲಲ್ಲ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಎಂಬುದು ಈ ಭಾಗದವರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. ನಂತರ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು ಬಂದವು. ಓಡುವ ಮೀಟರ್ ನೋಡಿಕೊಂಡು ಮಾತಾಡುವ ಕಾಲ ಅದು.

2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಕಂಪನಿಯಾಯಿತು. 2006ರ ಮಾರ್ಚ್ 1ರಿಂದ ‘ಒನ್ ಇಂಡಿಯಾ’ ಯೋಜನೆಯಲ್ಲಿ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂದು ಸಾರಿತು. ಲ್ಯಾಂಡ್‌ಲೈನ್ ಚಿಂತೆ ಕಡಿಮೆಯಾಯಿತು, ಮೊಬೈಲ್ ಚಿಂತೆ ಉಳಿಯಿತು. ಗಡಿಯಲ್ಲಿ ಮೊಬೈಲ್ ಯಾವ ಟವರ್ ಹಿಡಿಯುತ್ತದೆಂದು ಹೇಳಲು ಬರುತ್ತಿರಲಿಲ್ಲ. ಮಹಾರಾಷ್ಟ್ರದ ಸಿಮ್ ಹೊಲದ ಆ ಬದುವಿಗೆ ಹೋದೊಡನೆ ಕರ್ನಾಟಕದ ಟವರ್ ಹಿಡಿದು ರೋಮಿಂಗ್ ತೋರಿಸುತ್ತಿತ್ತು. ಬಂದ ಕರೆಗೂ ದುಡ್ಡು. 2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ರೋಮಿಂಗ್‌ನಲ್ಲಿ ಒಳಬರುವ ಕರೆ ಉಚಿತ ಮಾಡಿತು. ಮುಂದೆ ಎಲ್ಲ ಕಂಪನಿಗಳೂ ಅದೇ ದಾರಿ ಹಿಡಿದವು. ಆ ಮಟ್ಟಿಗೆ ಗಡಿಯವರ ಜೇಬಿನ ಮೇಲಿನ ಭಾರ ಇಳಿಯಿತು.

ತಡವಾಗಿ ತೆರೆದ ಬಾಗಿಲು

ಇಂಟರ್ನೆಟ್ ಮೇಲೆ ಮಾತಾಡುವುದು ಹೊಸ ವಿದ್ಯೆಯೇನಲ್ಲ. ಇಸ್ರೇಲ್‌ನ ವೋಕಲ್‌ಟೆಕ್ ಕಂಪನಿ 1995ರಲ್ಲೇ ಅಂಥ ಸಾಫ್ಟ್‌ವೇರ್ ಮಾರಿತ್ತು. ಭಾರತದಲ್ಲಿ 2002ರ ಏಪ್ರಿಲ್ 1ರಿಂದ ಅದಕ್ಕೆ ಅರ್ಧ ಬಾಗಿಲು ತೆರೆಯಿತು. ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಮಾತಾಡಬಹುದು, ಇಲ್ಲಿನ ಕಂಪ್ಯೂಟರ್‌ನಿಂದ ವಿದೇಶದ ಫೋನಿಗೂ ಮಾತಾಡಬಹುದು. ಆದರೆ ಸಲಗರೆಯ ಕಂಪ್ಯೂಟರ್‌ನಿಂದ ಅಥಣಿಯ ಫೋನಿಗೆ ಹಚ್ಚುವ ಹಾಗಿರಲಿಲ್ಲ. ಅಮೆರಿಕದಲ್ಲಿರುವ ಮಗನ ಜೋಡಿ ಮಾತು ಅಗ್ಗ, ಬಾಜೂಕಿನ ತಾಲ್ಲೂಕಿನ ಬೀಗರ ಜೋಡಿ ಮಾತು ತುಟ್ಟಿ ಎನ್ನುವ ಪರಿಸ್ಥಿತಿ.

ಟೆಲಿಕಾಂ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2008ರಲ್ಲಿಯೂ, ಮತ್ತೆ 2017ರ ಅಕ್ಟೋಬರ್‌ನಲ್ಲಿಯೂ ಶಿಫಾರಸು ಮಾಡಿತು. ಕೊನೆಗೆ 2018ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆ ಲೈಸೆನ್ಸ್ ಪಡೆದ ಕಂಪನಿಗಳು ಇಂಟರ್ನೆಟ್ ಫೋನ್ ಸೇವೆ ಕೊಡಬಹುದು ಎಂದು ಸ್ಪಷ್ಟಪಡಿಸಿತು. ಮರು ತಿಂಗಳೇ ಬಿಎಸ್‌ಎನ್‌ಎಲ್ ‘ವಿಂಗ್ಸ್’ ಎಂಬ ಸೇವೆ ಘೋಷಿಸಿತು. ಸಿಮ್ ಇಲ್ಲ, ಆ್ಯಪ್ ಮೇಲೆ ಮಾತು, ವರ್ಷಕ್ಕೆ 1,099 ರೂಪಾಯಿ. 2019ರಲ್ಲಿ ಜಿಯೋ ಫೈಬರ್ ಬಂದಾಗ ಅದರ ಜೋಡಿ ಲ್ಯಾಂಡ್‌ಲೈನೂ ಬಂತು. ಫೈಬರ್ ಮೇಲೆ ಬರುವ ಇಂಥ ಲ್ಯಾಂಡ್‌ಲೈನ್ ನೋಡಲು ಹಳೇ ಫೋನಿನ ಹಾಗೇ ಇದ್ದರೂ ಒಳಗೆ ಅದು ಇಂಟರ್ನೆಟ್ ಪದ್ಧತಿಯ ಫೋನೇ. ಗೊತ್ತಿಲ್ಲದೇ ಬಹಳ ಮಂದಿ ಅದನ್ನು ಬಳಸುತ್ತಿದ್ದಾರೆ.

ಮಾತು ಪೊಟ್ಟಣ ಕಟ್ಟಿಕೊಂಡು ಹೋಗುವ ಬಗೆ

ಹಳೇ ಫೋನಿನಲ್ಲಿ ಇಬ್ಬರು ಮಾತಾಡುವಾಗ ಇಬ್ಬರ ನಡುವೆ ಒಂದು ದಾರಿ ಪೂರ್ತಿ ಅವರಿಗೇ ಮೀಸಲು. ಇಂಟರ್ನೆಟ್ ಫೋನಿನಲ್ಲಿ ಹಾಗಿಲ್ಲ. ಮಾತನ್ನು ಸೆಕೆಂಡಿಗೆ ಸಾಮಾನ್ಯವಾಗಿ 50 ತುಂಡು ಮಾಡಿ, ಪ್ರತಿ ತುಂಡಿಗೂ ವಿಳಾಸ ಬರೆದು ಕಳಿಸಲಾಗುತ್ತದೆ. ಆ ಕಡೆ ಅವನ್ನು ಸಾಲಾಗಿ ಜೋಡಿಸಿ ಮತ್ತೆ ಧ್ವನಿ ಮಾಡಲಾಗುತ್ತದೆ. ಸಂತೆಗೆ ಹೊರಟ ಗಾಡಿಗಳ ಹಾಗೆ. ರಸ್ತೆ ಎಲ್ಲರದು, ಗಾಡಿಗಳು ವೇಳೆಗೆ ಮುಟ್ಟಬೇಕು ಅಷ್ಟೇ.

ಇದಕ್ಕೆ ದೊಡ್ಡ ಸ್ಪೀಡ್ ಬೇಕು ಎಂಬುದು ತಪ್ಪು ತಿಳಿವಳಿಕೆ. ಒಳ್ಳೆಯ ಗುಣಮಟ್ಟದ ಒಂದು ಕರೆಗೆ ಹೋಗುವ ದಿಕ್ಕಿಗೆ ಸುಮಾರು 87 ಕೆಬಿಪಿಎಸ್, ಬರುವ ದಿಕ್ಕಿಗೆ ಅಷ್ಟೇ ಸಾಕು. ಮೂರು ಕರೆ ಒಮ್ಮೆಗೇ ನಡೆದರೂ ಅರ್ಧ ಎಂಬಿಪಿಎಸ್ ಮುಟ್ಟುವುದಿಲ್ಲ. ಒಂದು ತಾಸು ಮಾತಾಡಿದರೆ ಖರ್ಚಾಗುವುದು ಸುಮಾರು 80 ಎಂಬಿ ಡೇಟಾ. ಧ್ವನಿಯನ್ನು ಇನ್ನೂ ಒತ್ತಿ ಕಳಿಸುವ ಪದ್ಧತಿ ಬಳಸಿದರೆ ಅದರ ಅರ್ಧಕ್ಕಿಂತ ಕಡಿಮೆ.

ಹಾಗಾದರೆ ಮಾತು ಕಡಿಯುವುದು ಯಾಕೆ? ಕಾರಣ ಸ್ಪೀಡ್ ಅಲ್ಲ, ತಡ. ಮಾತು ಹೊರಟು ಆ ಕಿವಿ ಮುಟ್ಟಲು 150 ಮಿಲಿಸೆಕೆಂಡ್ ಒಳಗೆ ಇರಬೇಕೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆ. ಅದಕ್ಕೂ ಬಹಳ ಹೆಚ್ಚಾದರೆ ಇಬ್ಬರೂ ಒಮ್ಮೆಗೇ ‘ಹಲೋ ಹಲೋ’ ಎನ್ನತೊಡಗುತ್ತಾರೆ. ಕೆಲವು ಪೊಟ್ಟಣ ಬೇಗ, ಕೆಲವು ತಡವಾಗಿ ಬಂದರೆ ಧ್ವನಿ ಒಡೆಯುತ್ತದೆ. ಮನೆಯಲ್ಲಿ ಸಿನಿಮಾ ನೋಡುವಾಗ ಈ ತಡ ಗೊತ್ತಾಗುವುದಿಲ್ಲ. ಮಾತಿನಲ್ಲಿ ತಕ್ಷಣ ಗೊತ್ತಾಗುತ್ತದೆ. ‘ಮೂವತ್ತು ಸಾವಿರ’ ಎಂದದ್ದು ‘ನೂರು ಸಾವಿರ’ ಎಂದು ಕೇಳಿದರೆ ವ್ಯಾಪಾರದ ಗತಿ ಏನು?

ಮೂರು ಜನರ ಆಫೀಸಿಗೆ ಏನೇನು ಬೇಕು?

ಮೂರು ಜನ ಕೆಲಸ ಮಾಡುವ ಒಂದು ಬೇದಾಣೆ ವ್ಯಾಪಾರದ ಆಫೀಸು ಎಂದೇ ಇಟ್ಟುಕೊಳ್ಳೋಣ. ಒಬ್ಬರು ಲೆಕ್ಕ, ಒಬ್ಬರು ಗಾಡಿ, ಒಬ್ಬರು ರೈತರ ಜೋಡಿ ಮಾತು.

ಮೊದಲನೆಯದು ಫೈಬರ್ ಲೈನ್. ಮೊಬೈಲ್ ಡೇಟಾದ ಮೇಲೂ ಫೋನ್ ನಡೆಯುತ್ತದೆ, ಆದರೆ ಗಡಿಯಲ್ಲಿ ಸಿಗ್ನಲ್ ಏರಿಳಿಯುವುದರಿಂದ ಅದನ್ನು ಆಪತ್ತಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಫೈಬರ್ ಬಂದು ಕೂಡುವ ಡಬ್ಬಿಗೆ ಒಎನ್‌ಟಿ ಎನ್ನುತ್ತಾರೆ. ಬಹಳಷ್ಟು ಡಬ್ಬಿಗಳ ಹಿಂದೆ ಫೋನಿನ ಸಣ್ಣ ಸಾಕೆಟ್ ಇರುತ್ತದೆ. ಒಂದೇ ಲೈನ್ ಸಾಕು ಎನ್ನುವವರು ಹಳೇ ಫೋನನ್ನೇ ಅದಕ್ಕೆ ಚುಚ್ಚಿದರೆ ಕೆಲಸ ಮುಗಿಯಿತು.

ಎರಡು-ಮೂರು ಕರೆ ಒಮ್ಮೆಗೇ ಬೇಕಾದರೆ ಮುಂದಿನ ಹೆಜ್ಜೆ ಇಡಬೇಕು. ಇಲ್ಲಿ ಎರಡು ದಾರಿ. ಒಂದು, ಆಫೀಸಿನಲ್ಲೇ ಸಣ್ಣ ಎಕ್ಸ್‌ಚೇಂಜ್ ಇಡುವುದು. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಎಂಬ ಅಮೆರಿಕದ ತರುಣ ಬರೆದ ‘ಆಸ್ಟರಿಸ್ಕ್’ ಎಂಬ ಉಚಿತ ಸಾಫ್ಟ್‌ವೇರ್ ಹಳೇ ಕಂಪ್ಯೂಟರ್ ಮೇಲೂ ನಡೆಯುತ್ತದೆ. ಫೋನ್ ವ್ಯವಸ್ಥೆ ಕೊಳ್ಳಲು ದುಡ್ಡಿಲ್ಲದೆ ತನ್ನ ಸಣ್ಣ ಕಂಪನಿಗಾಗಿ ಆತ ಅದನ್ನು ತಾನೇ ಬರೆದುಕೊಂಡದ್ದು. ಆದರೆ ನೋಡಿಕೊಳ್ಳಲು ತಿಳಿದ ಹುಡುಗ ಬೇಕು. ಎರಡನೆಯದು, ಎಕ್ಸ್‌ಚೇಂಜನ್ನು ಕಂಪನಿಯವರ ಕಂಪ್ಯೂಟರ್‌ನಲ್ಲೇ ಇಟ್ಟು ತಿಂಗಳ ಬಾಡಿಗೆ ಕೊಡುವುದು. ಬೆಂಗಳೂರಿನಲ್ಲಿ 2011ರಲ್ಲಿ ಶುರುವಾದ ಎಕ್ಸೋಟೆಲ್‌ನಂಥ ಕಂಪನಿಗಳು ಮಾಡುವುದು ಇದೇ ಕೆಲಸ. ಆಫೀಸಿನಲ್ಲಿ ಯಂತ್ರ ಇಲ್ಲ, ಕೆಟ್ಟರೆ ಅವರೇ ನೋಡುತ್ತಾರೆ. ಬಾಡಿಗೆ ಮಾತ್ರ ತಪ್ಪುವುದಿಲ್ಲ.

ಹಳೇ ಫೋನ್‌ಗಳನ್ನು ಬಿಸಾಡಬೇಕಿಲ್ಲ. ಎಟಿಎ ಎಂಬ ಅಂಗೈಯಗಲದ ಡಬ್ಬಿ ಹಳೇ ಫೋನನ್ನು ಇಂಟರ್ನೆಟ್ ಲೈನಿಗೆ ಕೂಡಿಸುತ್ತದೆ. ಹೊರಗೆ ತಿರುಗುವವರ ಮೊಬೈಲ್‌ನಲ್ಲಿ ಆ್ಯಪ್ ಹಾಕಿದರೆ ಆಫೀಸಿನ ಗಂಟೆ ಅಲ್ಲಿಯೂ ಬಾರಿಸುತ್ತದೆ. ತೋಟದಲ್ಲಿ ನಿಂತು ಎತ್ತಿದರೂ ಆ ಕಡೆಯವರಿಗೆ ಆಫೀಸಿನಿಂದ ಮಾತಾಡಿದ ಹಾಗೆ.

ಹೊಸದಾಗಿ ಹಾಕಿದವರಿಗೆ ಮೊದಲು ಎದುರಾಗುವ ತ್ರಾಸು ಎರಡು. ಒಂದು, ನಮ್ಮ ಮಾತು ಅವರಿಗೆ ಕೇಳುತ್ತದೆ, ಅವರದು ನಮಗೆ ಕೇಳುವುದಿಲ್ಲ. ಬಹಳ ಸಲ ಇದು ಫೋನಿನ ದೋಷವಲ್ಲ, ರೌಟರ್‌ನಲ್ಲಿರುವ ‘ಸಿಪ್ ಎಎಲ್‌ಜಿ’ ಎಂಬ ಸೆಟ್ಟಿಂಗಿನ ಕಿತಾಪತಿ. ಅದನ್ನು ಬಂದ್ ಮಾಡಿ ನೋಡಬೇಕು. ಎರಡು, ದಿನವಿಡೀ ಚೆನ್ನಾಗಿದ್ದು ಒಂದು ಹೊತ್ತಿನಲ್ಲಿ ಮಾತು ಕಡಿಯುತ್ತದೆ. ಆಗ ಯಾರೋ ದೊಡ್ಡ ಫೈಲ್ ಕಳಿಸುತ್ತಿರುತ್ತಾರೆ, ಇಲ್ಲವೇ ಸಿಸಿಟಿವಿ ಚಿತ್ರ ಮೇಲೇರುತ್ತಿರುತ್ತದೆ. ರೌಟರ್‌ನಲ್ಲಿ ಮಾತಿಗೆ ಮೊದಲ ಮಣೆ ಕೊಡುವ ಸೌಲಭ್ಯ ಇರುತ್ತದೆ. ಅದನ್ನು ಮಾಡಿಸಿಕೊಳ್ಳದೆ ಹಾಕಿದವರನ್ನು ಕಳಿಸಬಾರದು. ಫೋನುಗಳನ್ನು ವೈ-ಫೈ ಬದಲು ವೈರ್ ಮೇಲೆ ಕೂಡಿಸಿದರೆ ಅರ್ಧ ತಕರಾರು ಅಲ್ಲಿಗೇ ಮುಗಿಯುತ್ತದೆ.

ಕರೆಂಟೇ ದೊಡ್ಡ ಪ್ರಶ್ನೆ

ಇದು ಹಳ್ಳಿಯವರು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. ಹಳೇ ತಾಮ್ರದ ಫೋನಿಗೆ ಎಕ್ಸ್‌ಚೇಂಜ್‌ನ 48 ವೋಲ್ಟ್ ಬ್ಯಾಟರಿಯಿಂದಲೇ ಜೀವ ಬರುತ್ತಿತ್ತು. ಊರಲ್ಲಿ ಕರೆಂಟ್ ಇಲ್ಲದಿದ್ದರೂ ಫೋನ್ ಗಂಟೆ ಬಾರಿಸುತ್ತಿತ್ತು. ಲೋಡ್‌ಶೆಡ್ಡಿಂಗ್ ಜೋರಿದ್ದ ಕಾಲದಲ್ಲಿ ಕಂದೀಲು ಹಚ್ಚಿಕೊಂಡು ಫೋನಿನಲ್ಲಿ ಮಾತಾಡಿದವರಿಗೆ ಇದು ಗೊತ್ತು. ಫೈಬರ್ ಗಾಜಿನ ಎಳೆ, ಅದರೊಳಗೆ ಬೆಳಕು ಹರಿಯುತ್ತದೆ, ಕರೆಂಟ್ ಹರಿಯುವುದಿಲ್ಲ. ಆಫೀಸಿನ ಡಬ್ಬಿಗೆ ಕರೆಂಟ್ ಹೋದರೆ ಫೋನೂ ಹೋಯಿತು.

ಉಪಾಯ ಕಠಿಣವಲ್ಲ. ಡಬ್ಬಿ ಮತ್ತು ರೌಟರ್ ಎರಡೂ ಸೇರಿ ಸುಮಾರು 20 ವ್ಯಾಟ್ ತಿನ್ನುತ್ತವೆ ಎಂದುಕೊಂಡರೆ, 12 ವೋಲ್ಟ್, 7 ಆಂಪಿಯರ್-ಅವರ್‌ನ ಸಣ್ಣ ಬ್ಯಾಟರಿ ಸುಮಾರು ಮೂರು ತಾಸು ನಡೆಸುತ್ತದೆ. ಇನ್ವರ್ಟರ್ ಇದ್ದವರು ಆ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಹಾಕಿಸಿದರೆ ಸಾಕು. ಆದರೆ ಫೈಬರ್ ಎಲ್ಲಿಂದ ಹೊರಡುತ್ತದೋ ಅಲ್ಲಿನ ಯಂತ್ರಕ್ಕೂ ಕರೆಂಟ್ ಬೇಕು. ‘ನಿಮ್ಮ ಕಡೆ ಎಷ್ಟ ತಾಸಿನ ಬ್ಯಾಟರಿ ಐತಿ?’ ಎಂದು ಲೈನ್ ಕೊಡುವವರನ್ನು ಮೊದಲೇ ಕೇಳಬೇಕು. ಸರಿಯಾದ ಉತ್ತರ ಬರದಿದ್ದರೆ ಆಪತ್ತಿಗೊಂದು ಮೊಬೈಲ್‌ಗೆ ಕರೆ ತಿರುಗಿಸುವ ವ್ಯವಸ್ಥೆ ಮಾಡಿಟ್ಟುಕೊಳ್ಳಬೇಕು. ಲೈನ್ ಬಿದ್ದರೆ ಕರೆ ತಾನಾಗಿ ಆ ಮೊಬೈಲ್‌ಗೆ ಹೋಗುತ್ತದೆ.

ಏಪ್ರಿಲ್-ಮೇ ತಿಂಗಳ ಅವಕಾಳಿ ಮಳೆಯಲ್ಲಿ ಸಿಡಿಲಿನ ಭಯವೂ ಇದೆ. ತಾಮ್ರದ ತಂತಿ ಸಿಡಿಲನ್ನು ಮನೆಯೊಳಗೇ ಕರೆತರುತ್ತಿತ್ತು. ಗಾಜಿನ ಎಳೆ ತರುವುದಿಲ್ಲ. ಆದರೆ ಕರೆಂಟ್ ತಂತಿಯ ಮೇಲೆ ಬಂದು ಅಡಾಪ್ಟರ್ ಸುಡುವುದು ತಪ್ಪಿಲ್ಲ. ಆಫೀಸಿನ ಅರ್ಥಿಂಗ್ ಸರಿ ಇದೆಯೇ ಎಂದು ನೋಡಿಕೊಳ್ಳಬೇಕು.

ಕನ್ನಡಕ್ಕೆ ಒಂದು, ಮರಾಠಿಗೆ ಎರಡು

ಗಡಿ ಆಫೀಸಿಗೆ ಈ ಫೋನಿನಿಂದ ಆಗುವ ದೊಡ್ಡ ಉಪಯೋಗ ಬಹುಶಃ ಇದೇ. ಕರೆ ಬಂದೊಡನೆ ‘ನಮಸ್ಕಾರ್ರಿ, ಕನ್ನಡಕ್ಕ ಒಂದು ಒತ್ರಿ’ ಎಂದು ಒಂದು ಧ್ವನಿ, ಅದರ ಬೆನ್ನಿಗೇ ಮರಾಠಿಯಲ್ಲಿ ಎರಡು ಒತ್ತಲು ಇನ್ನೊಂದು ಧ್ವನಿ. ಇದಕ್ಕೆ ಸ್ಟುಡಿಯೋ ಬೇಕಿಲ್ಲ, ಆಫೀಸಿನವರೇ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಹಾಕಲು ಬರುತ್ತದೆ. ದೊಡ್ಡ ಕಂಪನಿಗಳಿಗೆ ಫೋನ್ ಹಚ್ಚಿದರೆ ಹಿಂದಿ, ಇಂಗ್ಲಿಷ್‌ನಲ್ಲಿ ಉದ್ದುದ್ದ ಹೇಳುತ್ತಾರೆ. ಹಳ್ಳಿಯ ಹಿರಿಯರು ಅರ್ಧಕ್ಕೇ ಇಟ್ಟುಬಿಡುತ್ತಾರೆ. ತನ್ನ ಮಾತು ಕೇಳಿದ ಗಿರಾಕಿ ಇಡುವುದಿಲ್ಲ.

ಹಾಗೆಂದು ಒಂದು, ಎರಡು, ಮೂರು, ನಾಲ್ಕು ಎಂದು ಬೆಳೆಸುತ್ತ ಹೋಗಬಾರದು. ಎರಡು ಆಯ್ಕೆ ಸಾಕು. ಏನೂ ಒತ್ತದವರಿಗೂ ಹತ್ತು ಸೆಕೆಂಡಿನಲ್ಲಿ ಯಾರಾದರೂ ಮನುಷ್ಯರು ಸಿಗಬೇಕು. ವಯಸ್ಸಾದವರಿಗೆ, ಆ್ಯಪ್ ಬಳಸಲು ಬಾರದವರಿಗೆ ಇವತ್ತಿಗೂ ಫೋನೆಂದರೆ ನಂಬರ್ ಒತ್ತಿ ಮಾತಾಡುವುದೇ. ವಾಟ್ಸ್‌ಆ್ಯಪ್ ಕರೆ ಸೌಲಭ್ಯ 2015ರಲ್ಲೇ ಬಂದಿದ್ದರೂ ಅದು ವಾಟ್ಸ್‌ಆ್ಯಪ್ ಇದ್ದವರಿಗಷ್ಟೇ. ಸಾದಾ ಫೋನಿಗೆ ಅದರಿಂದ ಹಚ್ಚಲು ಬರುವುದಿಲ್ಲ.

ಬೋರ್ಡ್ ಬರೆಸುವ ಮೊದಲು

ನಂಬರ್ ಆರಿಸುವಾಗ ಅವಸರ ಬೇಡ. ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯಬಹುದು. 2015ರ ಜುಲೈನಿಂದ ರಾಜ್ಯ ಬದಲಾದರೂ ಒಯ್ಯಬಹುದು. ಲ್ಯಾಂಡ್‌ಲೈನ್‌ಗೆ ಆ ಸೌಲಭ್ಯ ಇಲ್ಲ. ಕಂಪನಿ ಬದಲಿಸಿದರೆ ನಂಬರ್ ಹೋಗುತ್ತದೆ. ಹಳೇ ತಾಮ್ರದ ನಂಬರ್ ಇದ್ದವರು ಅದೇ ಕಂಪನಿಯ ಫೈಬರ್‌ಗೆ ಹೋಗುವಾಗ ಅದೇ ನಂಬರ್ ಉಳಿಯುತ್ತದೆಯೇ ಎಂದು ಕೇಳಿ, ಖಾತ್ರಿ ಮಾಡಿಕೊಂಡೇ ಅರ್ಜಿಗೆ ಸಹಿ ಹಾಕಬೇಕು. ಇನ್ನೊಂದು ಮಾತು: 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಮೊಬೈಲ್‌ಗೆ ಹಚ್ಚುವಾಗ ಮುಂದೆ ಸೊನ್ನೆ ಒತ್ತಬೇಕು. ‘ಫೋನ್ ಹತ್ತಂಗಿಲ್ಲ’ ಎಂಬ ತಕರಾರು ಬಹಳ ಸಲ ಈ ಸೊನ್ನೆಯದೇ.

ಅಗ್ಗದ ಆಸೆ, ಕಾನೂನಿನ ಕುಣಿಕೆ

‘ಲೈಸೆನ್ಸ್ ಗಿಯ್ಸೆನ್ಸ್ ಏನೂ ಬ್ಯಾಡ, ಅರ್ಧಾ ರೇಟಿನ್ಯಾಗ ಲೈನ್ ಕೊಡ್ತೀವಿ’ ಎನ್ನುವವರು ಸಿಕ್ಕರೆ ದೂರ ಇರುವುದೇ ಲೇಸು. ವಿದೇಶದ ಇಂಟರ್ನೆಟ್ ಕರೆಯನ್ನು ಗುಟ್ಟಾಗಿ ಸಿಮ್ ಡಬ್ಬಿಗಳ ಮೂಲಕ ಸ್ಥಳೀಯ ಕರೆಯ ಹಾಗೆ ತೋರಿಸುವ ದಂಧೆಯನ್ನು ಪೊಲೀಸರು ದೇಶದ ಅನೇಕ ಕಡೆ ಹಿಡಿದಿದ್ದಾರೆ. ಆಫೀಸಿನ ಮೂಲೆಯಲ್ಲಿ ‘ಒಂದ ಡಬ್ಬಿ ಇಡ್ರಿ, ತಿಂಗಳಾ ಬಾಡಿಗಿ ಕೊಡ್ತೀವಿ’ ಎಂಬ ಮಾತಿಗೆ ಮರುಳಾದರೆ ಕೇಸು ಜಾಗದ ಮಾಲೀಕರ ತಲೆಗೂ ಬರುತ್ತದೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅನುಮತಿ ಇಲ್ಲದೆ ದೂರಸಂಪರ್ಕ ಸೇವೆ ನಡೆಸಿದವರಿಗೆ 3 ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು ಬರೆದಿದೆ.

ಕಳ್ಳರ ಕಾಟವೂ ಉಂಟು. ಯಂತ್ರದ ಜೋಡಿ ಬಂದ ಪಾಸ್‌ವರ್ಡ್ ಬದಲಿಸದೆ ಬಿಟ್ಟರೆ ಎಲ್ಲೋ ಕೂತವರು ರಾತ್ರಿಯಿಡೀ ಅದರ ಮೇಲೆ ವಿದೇಶಕ್ಕೆ ಕರೆ ಮಾಡುತ್ತಾರೆ. ಬಿಲ್ ಬಂದಾಗಲೇ ಗೊತ್ತಾಗುವುದು. ವಿದೇಶ ಕರೆ ಬೇಡದವರು ಐಎಸ್‌ಡಿ ಬಂದ್ ಮಾಡಿಸಬೇಕು, ಖರ್ಚಿಗೆ ಮಿತಿ ಹಾಕಿಸಬೇಕು.

ಗಡಿಯವರು ಮರೆಯಬಾರದ ಇನ್ನೊಂದು ಸಂಗತಿ ತುರ್ತು ಕರೆ. ಆ್ಯಪ್ ಮೇಲಿನ ಫೋನ್ ಎಲ್ಲಿ ಬೇಕಾದರೂ ಓಡಾಡುತ್ತದೆ, ಕರೆ ಯಾವ ಊರಿನಿಂದ ಬಂತೆಂದು ಗುರುತಿಸುವುದು ಕಷ್ಟ. ಸಲಗರೆಯ ಆಫೀಸಿನ ನಂಬರನ್ನು ಅನಂತಪುರದ ತೋಟದಲ್ಲಿ ಬಳಸುತ್ತ 112 ಒತ್ತಿದರೆ ಸಹಾಯ ತಪ್ಪು ರಾಜ್ಯದಿಂದ ಹೊರಡುವ ಸಂಭವ ಇದೆ. ಇಂಥ ಹೊತ್ತಿನಲ್ಲಿ ಸಿಮ್ ಇರುವ ಸಾದಾ ಮೊಬೈಲ್‌ನಿಂದಲೇ ಹಚ್ಚಿ, ಮೊದಲು ಊರಿನ ಹೆಸರು, ತಾಲ್ಲೂಕು, ರಾಜ್ಯ ಹೇಳಬೇಕು. ಮಿರಜದ ದವಾಖಾನೆಗಳಿಗೆ ಎರಡೂ ರಾಜ್ಯದ ರೋಗಿಗಳು ಬರುವ ಈ ಭಾಗದಲ್ಲಿ ಇದನ್ನು ಮನೆಮಂದಿಗೆಲ್ಲ ಹೇಳಿಡುವುದು ಒಳಿತು.

ಹಂಗಾಮಿಗೆ ಮೊದಲೇ ಹಾಕಿಸಿ

ಹಾಕಿಸುವವರು ಕಟಾವಿನ ಗದ್ದಲದಲ್ಲಿ ಹಾಕಿಸಬಾರದು. ಅಕ್ಟೋಬರ್ ಚಾಟ್ನಿ ಮುಗಿದ ಮೇಲೆ ಒಂದಿಷ್ಟು ಬಿಡುವಿರುತ್ತದೆ. ಆಗ ಹಾಕಿಸಿ, ಒಂದು ತಿಂಗಳು ಹಳೇ ಮೊಬೈಲ್ ಮತ್ತು ಹೊಸ ಫೋನು ಎರಡನ್ನೂ ನಡೆಸಿ, ಮುಂಜಾನೆ, ಮಧ್ಯಾಹ್ನ, ರಾತ್ರಿ ಮೂರೂ ಹೊತ್ತು ಮಾತಾಡಿ ನೋಡಿ, ಕರೆಂಟ್ ತೆಗೆದೂ ನೋಡಿ, ಆಮೇಲೆ ಬೋರ್ಡ್ ಬರೆಸಬೇಕು.

ಆಫೀಸು ತೆಗೆಯಬೇಕೆಂದರೆ ಸಾಂಗಲಿಗೋ ಪುಣೆಗೋ ಹೋಗಬೇಕೆಂಬುದು ಹಳ್ಳಿಯ ಓದಿದ ಹುಡುಗ-ಹುಡುಗಿಯರ ಲೆಕ್ಕ. ಊರಿಗೆ ರೈಲಿದೆ, ಮ್ಹೈಸಾಳ ಏತ ನೀರಾವರಿ ಯೋಜನೆಯಿಂದ ಈ ಒಣ ಸೀಮೆಗೆ ಕೃಷ್ಣೆಯ ನೀರು ಬಂದಿದೆ, ತೋಟಗಳಿವೆ. ಫೋನ್ ಸರಿಯಾಗಿದ್ದರೆ ವ್ಯಾಪಾರದ ಮಾತೂ ಇಲ್ಲಿಂದಲೇ ಆಡಬಹುದು. ಅದಕ್ಕೆ ಎರಡೂ ಭಾಷೆ ಬಲ್ಲ ಒಬ್ಬರು ಬೇಕು. ಅಂಥವರಿಗೆ ಗಡಿ ಊರುಗಳಲ್ಲಿ ಬರಗಾಲವಿಲ್ಲ. ಪೇಟೆಯ ದೊಡ್ಡ ಆಫೀಸುಗಳು ಸಂಬಳ ಕೊಟ್ಟು ಹುಡುಕುವ ಈ ಗುಣ ಇಲ್ಲಿನ ಮಕ್ಕಳಿಗೆ ಅಂಗಳದಲ್ಲಿ ಆಡುತ್ತಲೇ ಬಂದಿರುತ್ತದೆ.